ಎಡಗಾಲಿನ ಹಿಮ್ಮಡಿ

ಬಲೆ ಬೀಸುವುದನ್ನು ಕಲಿಸುವುದಕ್ಕೂ ಒಬ್ಬ ಗುರು ಇದ್ದ ಎಂದರೆ ಈಗಿನವರು ನಗಬಹುದು. ನಗಲಿ. ಇದ್ದದ್ದಂತೂ ನಿಜ.

ಹೊಳೆ ತಿರುಗಿಕೊಳ್ಳುವ ಕಡೆ ಒಂದು ಪಾಳು ಕಲ್ಲುಮಂಟಪ. ಅದರೊಳಗೆ ಚೆನ್ನಂಜಯ್ಯ ಎಂಬ ಮುದುಕ. ಕಣ್ಣು ಮಂಜಾಗಿ ಏಳೆಂಟು ವರ್ಷ ಆಗಿತ್ತು. ಹೊಳೆಗೆ ಬೆನ್ನು ಮಾಡಿ ಕೂತು, ಊರಿನವರ ಹರಿದ ಬಲೆಗಳನ್ನು ಬೆರಳಲ್ಲೇ ತಡವಿ ತಡವಿ ಸರಿಮಾಡುತ್ತಿದ್ದ.

ಹಿಂದೆ ಯಾರಾದರೂ ಬಲೆ ಬೀಸಿದರೆ ತಿರುಗಿ ನೋಡುತ್ತಿರಲಿಲ್ಲ. ಕೇಳುತ್ತಿದ್ದ.

ಬೀಸುಬಲೆಯ ಅಂಚಿನ ಸುತ್ತ ಸೀಸದ ಗುಂಡು ಕಟ್ಟಿರುತ್ತಾರೆ. ಬಲೆ ಪೂರ್ತಿ ಅರಳಿ ಬಿದ್ದರೆ ಅಷ್ಟೂ ಗುಂಡುಗಳು ಒಟ್ಟಿಗೆ ನೀರು ಮುಟ್ಟುತ್ತವೆ, ಒಂದೇ ಸದ್ದು ಬರುತ್ತದೆ. ಅರಳದೆ ಹೋದರೆ ಬಿಡಿಬಿಡಿಯಾಗಿ ಬೀಳುತ್ತವೆ. ಮುದುಕನಿಗೆ ಅಷ್ಟು ಸಾಕಾಗಿತ್ತು. ಕೂತಲ್ಲಿಂದಲೇ, "ಬಲಗೈ ಬೇಗ ಬಿಟ್ಟೆ" ಎನ್ನುತ್ತಿದ್ದ. ಬೀಸಿದವನು ಬೈದುಕೊಂಡು ಮತ್ತೆ ಬೀಸುತ್ತಿದ್ದ.

ಮೂವತ್ತು ಜನಕ್ಕೆ ಕಲಿಸಿದ್ದ. ಅವರಲ್ಲಿ ಹೊಳೆಯಲ್ಲಿ ಉಳಿದವರು ನಾಲ್ವರು. ಇನ್ನು ಕಲಿಸುವುದು ಸಾಕು ಎಂದು ಅವನಿಗೇ ಅನ್ನಿಸಿಬಿಟ್ಟಿತ್ತು.

ಅಂಥ ಹೊತ್ತಿನಲ್ಲಿ ನಿಂಗಾಜಮ್ಮ ಬಂದಳು. ಹೆಗಲ ಮೇಲೆ ಒದ್ದೆ ಬಲೆ, ಮೊಣಕಾಲವರೆಗೆ ಕೆಸರು.

"ತಾತ, ನಂಗೆ ಬಲೆ ಬೀಸೋದು ಕಲ್ಸಬೇಕು."

"ಯಾರವ್ವ ನೀನು?"

"ಚಿಕ್ಕಬೋರನ ಹೆಂಡ್ತಿ."

ಮುದುಕನ ಬೆರಳು ದಾರದ ಮೇಲೆ ನಿಂತಿತು. ಚಿಕ್ಕಬೋರ ಅವನ ಶಿಷ್ಯನೇ. ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟು ಇನ್ನೂ ತಿಂಗಳು ತುಂಬಿರಲಿಲ್ಲ.

"ಬೆಳಗ್ಗೆ ಮಡುವಿನಲ್ಲಿ ಬೀಸಿದ್ದು ನೀನೇಯಾ?"

"ಹೂಂ."

"ಕೇಳುಸ್ತು" ಎಂದ ಮುದುಕ. ಮುಂದೆ ಏನೂ ಹೇಳಲಿಲ್ಲ. ಹೇಳುವಂಥದ್ದು ಇರಲಿಲ್ಲ, ಅಷ್ಟು ಕೆಟ್ಟದಾಗಿ ಬಿದ್ದಿತ್ತು ಆ ಬಲೆ.

ಆ ಮಡುವಿನದು ಒಂದು ಕಟ್ಟಳೆ. ಬೇಸಿಗೆಯಲ್ಲೂ ಬತ್ತದ ಮಡು ಅದು. ಊರಿನಲ್ಲಿ ಬಲೆಯ ಮನೆಗಳು ಹನ್ನೊಂದು. ದಿನಕ್ಕೊಂದು ಮನೆಯ ಸರದಿ. ಸರದಿಯ ದಿನ ಸೂರ್ಯ ಹುಟ್ಟುವಾಗ ಆ ಮನೆಯವರು ಮಡುವಿಗೆ ಮೊದಲ ಬಲೆ ಬೀಸಬೇಕು. ಮೀನು ಬೀಳಲಿ ಬಿಡಲಿ, ಬಲೆ ಅರಳಬೇಕು. ಮುದ್ದೆಯಾಗಿ ಬಿದ್ದ ಬಲೆಗೆ ಲೆಕ್ಕವಿಲ್ಲ. ಒಂದು ಮನೆಯ ಸರದಿ ಸತತ ಮೂರು ಸಲ ತಪ್ಪಿದರೆ ಆ ದಿನವನ್ನು ಉಳಿದ ಮನೆಗಳು ಹಂಚಿಕೊಳ್ಳುತ್ತವೆ. ಒಮ್ಮೆ ಹಂಚಿದ್ದು ಮತ್ತೆ ಮನೆಗೆ ಬರುವುದಿಲ್ಲ.

ಚಿಕ್ಕಬೋರನ ಮನೆಯ ಮೊದಲ ಸರದಿ ಸೂತಕದಲ್ಲೇ ಹೋಯಿತು. ಎರಡನೆಯದಕ್ಕೆ ನಿಂಗಾಜಮ್ಮನೇ ಸೀರೆ ಎತ್ತಿ ಕಟ್ಟಿ ಮಡುವಿಗೆ ಇಳಿದಳು. ಹೆಂಗಸು ಬೀಸಬಾರದೆಂದು ಯಾರೂ ಅಡ್ಡ ಬರಲಿಲ್ಲ, ಬೀಸಿದ್ದನ್ನು ಯಾರೂ ಕಂಡಿರಲಿಲ್ಲ ಅಷ್ಟೆ. ಬಲೆ ನೆನೆದ ಬಟ್ಟೆಯ ಹಾಗೆ ದೊಪ್ಪನೆ ಬಿತ್ತು. ದಂಡೆಯ ಮೇಲಿದ್ದವರು ನಕ್ಕಿದ್ದರೆ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ. ಎಲ್ಲರೂ ಅಯ್ಯೋ ಪಾಪ ಎಂದರು.

ಇನ್ನು ಉಳಿದದ್ದು ಒಂದು ಸರದಿ.

"ಅದೂ ತಪ್ಪುದ್ರೆ?" ಎಂದ ಚೆನ್ನಂಜಯ್ಯ. ಗೊತ್ತಿದ್ದೇ ಕೇಳಿದ.

"ನಮ್ಮಣ್ಣ ಬಂದು ಕರ್ಕೊಂಡು ಹೋಯ್ತೀನಿ ಅಂತಾನೆ. ಅವನ ಮನೆ ಹಿತ್ಲಲ್ಲಿ ಒಂದು ಕೋಣೆ ಅದಂತೆ. ಅತ್ತಿಗೆ ಬೇಡ ಅನ್ನಲ್ಲ. ಬಾ ಅಂತಾನೂ ಅನ್ನಲ್ಲ."

"ನಿಂಗೆ ಹೋಗಕ್ಕೆ ಇಷ್ಟ ಇಲ್ಲ."

"ಹದಿನೆಂಟು ವರ್ಷ ನನ್ನ ಒಲೆ ನಾನು ಹಚ್ಚೀನಿ ತಾತ. ಇನ್ನೊಬ್ರ ಒಲೆ ಮುಂದೆ ಕಾಯ್ಕಂಡು ಕೂರಕ್ಕೆ ಆಗಲ್ಲ."

ಮುದುಕ ನಿಟ್ಟುಸಿರು ಬಿಟ್ಟ. ಕೈಯಲ್ಲಿದ್ದ ಬಲೆಯನ್ನು ಪಕ್ಕಕ್ಕೆ ಸರಿಸಿದ.

"ಮರಳ ಮೇಲೆ ಒಂದು ಸಲ ಎಸಿ."

ನಿಂಗಾಜಮ್ಮ ಹಗ್ಗದ ಕುಣಿಕೆಯನ್ನು ಎಡ ಮುಂಗೈಗೆ ಹಾಕಿಕೊಂಡಳು. ಬಲೆಯ ಒಂದು ಮಡಿಕೆ ಎಡ ಮೊಣಕೈ ಮೇಲೆ, ಇನ್ನೊಂದು ಬಲಗೈಯಲ್ಲಿ. ಅಂಚನ್ನು ಹಲ್ಲಲ್ಲಿ ಕಚ್ಚಿಕೊಂಡಳು. ಚಿಕ್ಕಬೋರ ಇಷ್ಟು ವರ್ಷ ಕಚ್ಚಿ ಕಚ್ಚಿ ಆ ಜಾಗದ ದಾರ ಸವೆದಿತ್ತು. ಸೊಂಟ ತಿರುಗಿಸಿ, ಕಡೇ ಗಳಿಗೆಯಲ್ಲಿ ಸಣ್ಣಗೆ ಕುಪ್ಪಳಿಸಿ, ಬಿಟ್ಟಳು.

ಗಂಡ ಎಸೆಯುತ್ತಿದ್ದದ್ದು ಹಾಗೇ. ಒಂದು ಕೂದಲೆಳೆಯೂ ಆಚೀಚೆ ಇಲ್ಲ.

ಗುಂಡುಗಳು ಮರಳಿನ ಮೇಲೆ ತಪತಪ ಬಿದ್ದವು.

"ಯಾರು ಕಲ್ಸಿದ್ದು?"

"ಯಾರೂ ಇಲ್ಲ. ನೋಡಿ ಕಲ್ತಿದ್ದು. ದಿನಾ ದಂಡೆ ಮೇಲೆ ಕುಕ್ಕೆ ಹಿಡ್ಕಂಡು ಕೂತಿರ್ತಿದ್ದೆ."

"ಚೆನ್ನಾಗಿ ನೋಡಿದ್ದೀಯ" ಎಂದ ಮುದುಕ.

ನಿಂಗಾಜಮ್ಮ ಇದನ್ನು ಹೊಗಳಿಕೆ ಎಂದುಕೊಂಡಳು.

"ದಿನಕ್ಕೆ ಐದು ಸಲ ಎಸಿ. ಆರನೇದು ಬೇಡ. ಮೂರು ದಿನ ಬಿಟ್ಟು ಬಾ."

ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳಿಗೆ ಮೈ ಉರಿಯುತ್ತಿತ್ತು. ಇರುವುದೇ ಹನ್ನೊಂದು ದಿನ. ಅದರಲ್ಲಿ ದಿನಕ್ಕೆ ಐದಂತೆ. ಮುದುಕನಿಗೆ ಕಣ್ಣಿನ ಜೊತೆ ಬುದ್ಧಿಯೂ ಮಂಜಾಗಿರಬೇಕು.

ಮನೆಯ ಹಿಂದೆ ಹುಣಸೆಮರದ ಕೆಳಗೆ ನಿಂತು ಅವತ್ತು ನೂರು ಸಲ ಎಸೆದಳು. ಮಾರನೆಯ ದಿನ ಇನ್ನೂರು. ಅದರ ಮಾರನೆಯ ದಿನ ಇನ್ನೂರಾದ ಮೇಲೆ ಎಣಿಸುವುದನ್ನೇ ಬಿಟ್ಟಳು. ಒಲೆ ಹಚ್ಚಲಿಲ್ಲ. ತಂಗಳಿಗೆ ನೀರು ಹಾಕಿಕೊಂಡು ಕುಡಿದು ಮತ್ತೆ ಬಲೆ ಎತ್ತಿಕೊಂಡಳು. ಎಸೆಯುತ್ತಿರುವಷ್ಟು ಹೊತ್ತು ಮನೆ ಖಾಲಿ ಅನ್ನಿಸುತ್ತಿರಲಿಲ್ಲ, ಅದೂ ಒಂದು ಕಾರಣ. ಬಲೆ ಮಾತ್ರ ಮೊದಲ ದಿನಕ್ಕಿಂತ ಮುದ್ದೆಯಾಗಿ ಬೀಳುತ್ತಿತ್ತು.

ನಾಲ್ಕನೆಯ ದಿನ ಮಂಟಪಕ್ಕೆ ಬರುವಾಗ ಬಲಗೈ ಎತ್ತಲು ಆಗುತ್ತಿರಲಿಲ್ಲ. ತಲೆ ಬಾಚಿಕೊಳ್ಳದೆ ಹಾಗೇ ಗಂಟು ಕಟ್ಟಿದ್ದಳು.

"ಎಷ್ಟು ಸಲ ಎಸ್ದೆ?" ಮುದುಕ ಕೇಳಿದ.

"ನೀವು ಹೇಳಿದಷ್ಟೇ."

"ಇಲ್ಲಿ ಬಾ."

ಅವನು ಅವಳ ಹೆಗಲ ಮೇಲೆ ಅಂಗೈ ಇಟ್ಟ. ಹೆಗಲು ಸುಡುತ್ತಿತ್ತು.

"ಇದು ಐದರ ಬಿಸಿಯಲ್ಲ."

ನಿಂಗಾಜಮ್ಮ ಹೆಗಲನ್ನು ಹಿಂದಕ್ಕೆ ಎಳೆದುಕೊಂಡಳು. ಆಮೇಲೆ, "ಎಸೀದೆ ಬರುತ್ತಾ ತಾತ?" ಎಂದಳು. ದನಿಯಲ್ಲಿ ಸಿಟ್ಟಿತ್ತು, ಅದನ್ನು ಮುಚ್ಚುವಷ್ಟು ತ್ರಾಣವೂ ಇರಲಿಲ್ಲ.

"ಬರಲ್ಲ. ಆದ್ರೆ ಸುಸ್ತಾದ್ಮೇಲೆ ಎಸೆದ್ರೆ ಕೈ ಸುಸ್ತನ್ನೇ ಕಲ್ತ್ಕತದೆ. ನೀನು ಐನೂರು ಸಲ ಎಸ್ದು ಏನು ಮಾಡ್ದೆ ಗೊತ್ತಾ? ಮೊದಲು ಬಾಗ್ಲಲ್ಲಿ ನಿಂತಿದ್ದ ತಪ್ಪನ್ನ ಒಳಗೆ ಕರ್ದು ಮಣೆ ಹಾಕಿ ಕೂರಿಸ್ದೆ."

"ತಪ್ಪು ಯಾವುದು ಅಂತ ಹೇಳ್ಬೋದಲ್ಲ."

"ಹೇಳಿದ್ರೆ ನಂಬಲ್ಲ."

"ನಂಬ್ತೀನಿ."

"ಇವತ್ತು ಕೈಗೆ ಎಣ್ಣೆ ಹಚ್ಕಂಡು ಮಲಗು. ನಾಳೆ ಬಾ."

ಐದನೆಯ ದಿನ ಮುದುಕ ಮಂಟಪದಿಂದ ಇಳಿದು ನೀರಿನ ಅಂಚಿಗೆ ಬಂದ. ಅವನು ಇಳಿದು ಬಂದದ್ದನ್ನು ನೋಡಿಯೇ ನಿಂಗಾಜಮ್ಮನಿಗೆ ಅಂಜಿಕೆಯಾಯಿತು. ಕಣ್ಣು ಮಂಜಾದ ಮೇಲೆ ಯಾರಿಗಾಗಿಯೂ ಅವನು ಇಳಿದದ್ದನ್ನು ಊರು ಕಂಡಿರಲಿಲ್ಲ.

"ಬಲೆ ಕೆಳಗಿಡು. ಈ ಹಸಿ ಮರಳಿನ ಮೇಲೆ ಹತ್ತು ಹೆಜ್ಜೆ ನಡಿ."

ನಡೆದಳು.

"ಈಗ ಬಲೆ ತಗೊ. ಅಲ್ಲೇ ಆ ಕಡೆ ನಿಂತು ಒಂದು ಸಲ ಎಸಿ. ಎಸ್ದು ಅಲ್ಲಾಡಬೇಡ."

ಎಸೆದಳು. ಹೆಗಲಿಗೆ ಚಳುಕು ಹೊಡೆಯಿತು. ಬಲೆ ಎಂದಿನಂತೆ ಬಿತ್ತು.

ಮುದುಕ ಮೊಣಕಾಲೂರಿ ಕೂತು, ಅವಳು ನಡೆದ ಹೆಜ್ಜೆಗಳನ್ನು ಒಂದೊಂದಾಗಿ ತಡವಿದ. ಆಮೇಲೆ ತೆವಳಿಕೊಂಡೇ ಅವಳು ನಿಂತ ಜಾಗಕ್ಕೆ ಬಂದ.

"ಕಾಲು ಎತ್ತು. ಹಿಂದಕ್ಕೆ ಹೋಗು."

ಹಿಂದೆ ಸರಿದಳು. ಮರಳಿನಲ್ಲಿ ಎರಡು ಗುರುತು ಉಳಿದವು.

"ಕೂತ್ಕೊ. ನಿನ್ನ ಬೆರಳು ಕೊಡು."

ಅವಳ ಬೆರಳು ಹಿಡಿದು ಮೊದಲು ನಡೆದ ಹೆಜ್ಜೆಯ ಮೇಲೆ ಆಡಿಸಿದ. ಬೆರಳುಗಳು, ಅಂಗಾಲು, ಹಿಮ್ಮಡಿಯ ಗುಂಡಿ.

"ಇದು ಯಾರ ಕಾಲು?"

"ನಂದೇ."

ಎಸೆದಾಗಿನ ಬಲಗಾಲಿನ ಗುರುತಿನ ಮೇಲೆ ಆಡಿಸಿದ.

"ಇದು?"

"ನಂದೇ ತಾತ."

ಎಡಗಾಲಿನ ಗುರುತಿನ ಮೇಲೆ ಆಡಿಸಿದ. ಐದು ಬೆರಳಿನ ಗುರುತು ಆಳವಾಗಿತ್ತು. ಅವುಗಳ ಹಿಂದೆ ಮರಳು ಸಪಾಟು. ಹಿಮ್ಮಡಿ ಊರಿರಲೇ ಇಲ್ಲ.

"ಇದು ಯಾರ ಕಾಲು?"



ಆ ಕಾಲು ಅವಳಿಗೆ ಗೊತ್ತಿತ್ತು. ಹದಿನೆಂಟು ವರ್ಷ ಹೊಳೆಯಿಂದ ಬಂದು ಒದ್ದೆ ಕಾಲಲ್ಲೇ ಒಳಗೆ ನಡೆದುಬಿಡುತ್ತಿದ್ದ ಅವನು. ಆಗ ತಾನೆ ಸಾರಿಸಿದ ನೆಲದ ಮೇಲೆ ಒಂದು ಪೂರಾ ಹೆಜ್ಜೆ, ಒಂದು ಅರ್ಧ ಹೆಜ್ಜೆ. ಎಷ್ಟು ಸಲ ಬೈದಿದ್ದಳೋ.

"ಚಿಕ್ಕಂದಿನಲ್ಲಿ ಗಾಜು ತುಳ್ದು ಹಿಮ್ಮಡಿಯ ನರ ಕುಯ್ದೋಗಿತ್ತು ಅವನಿಗೆ" ಎಂದ ಮುದುಕ. "ನಡೆಯುವಾಗ ಅಷ್ಟು ಕಾಣ್ತಿರಲಿಲ್ಲ. ಬಲೆ ಬೀಸುವಾಗ ಮೈಯ ಭಾರ ಎಡಗಾಲಿಗೆ ಬಂದ್ರೆ ತಡೀತಿರಲಿಲ್ಲ. ಅದಕ್ಕೇ ಕುಪ್ಪಳಿಸ್ತಿದ್ದ."

"ಅದು ಬೀಸೋ ಮಟ್ಟು ಅಂತ ನಾನು ಅಂದ್ಕಂಡಿದ್ದೆ."

"ಅವನಿಗೆ ಅದು ಮಟ್ಟೇ. ತೋಳು ಉದ್ದ, ಹೆಗಲು ಗಟ್ಟಿ. ಕಾಲು ಕೈಕೊಟ್ಟಿದ್ದನ್ನ ತೋಳು ಹೊತ್ಕಂಡು ಹೋಗ್ತಿತ್ತು, ಆದ್ರೂ ಕೊನೇ ಒಂದೆರಡು ಗುಂಡು ಯಾವಾಗ್ಲೂ ತಡವಾಗೇ ಬೀಳೋವು. ನಿನ್ನ ತೋಳಿಗೆ ಅಷ್ಟೂ ಆಗಲ್ಲ. ನಿಂಗೆ ಯಾವ ಕಾಲು ನೋವು?"

"ಯಾವುದೂ ಇಲ್ಲ."

"ಮತ್ತ್ಯಾಕೆ ಕುಂಟ್ತೀಯ?"

ನಿಂಗಾಜಮ್ಮ ಆ ಅರ್ಧ ಹೆಜ್ಜೆಯನ್ನೇ ನೋಡುತ್ತಿದ್ದಳು. ಹೊಳೆಯ ನೀರು ಸಣ್ಣಗೆ ಮೇಲೆ ಬಂದು ಅದರ ಒಂದು ಬದಿಯನ್ನು ಅಳಿಸಿತು. ಅವಳು ಕೈ ಅಡ್ಡ ಇಟ್ಟಳು.

"ಅವರ ಕೊಡೆ ಯಾರಿಗೋ ಕೊಟ್ಟುಬಿಟ್ಟೆ. ಬಟ್ಟೆ ಹೊಳೇಲಿ ಬಿಟ್ಟೆ" ಎಂದಳು. "ದನಿ ಹೆಂಗಿತ್ತು ಅನ್ನೋದೂ ಒಂದೊಂದು ದಿನ ಮರ್ತೋಗ್ತದೆ. ಬಲೆ ಹಿಡಿದಾಗ ಮಾತ್ರ ಅವರು ನನ್ನ ಮೈಯಲ್ಲೇ ಇದ್ದಂಗೆ ಅನ್ನಿಸ್ತದೆ ತಾತ. ಇದನ್ನೂ ಬಿಡು ಅಂತೀರಾ?"

"ನಾನೆಲ್ಲಿ ಅಂದೆ?"

"ಮತ್ತೆ?"

"ಮಡು ಕೇಳ್ತದೆ. ನಾನಲ್ಲ."

ಇದಕ್ಕಿಂತ ನಾಲ್ಕು ಮಾತು ಬೈದಿದ್ದರೆ ವಾಸಿಯಿತ್ತು. ನಿಂಗಾಜಮ್ಮ ಬಲೆ ಸುತ್ತಿಕೊಂಡು ಹೊರಟುಹೋದಳು. ಮುದುಕನನ್ನು ಮತ್ತೆ ಮಂಟಪಕ್ಕೆ ಹತ್ತಿಸುವವರೂ ಇರಲಿಲ್ಲ. ಅವನು ಕಲ್ಲು ತಡವುತ್ತ ತಡವುತ್ತ ತಾನೇ ಹತ್ತಿದ.

ಆರನೆಯ ದಿನ ಅವಳು ಬರಲಿಲ್ಲ. ಏಳನೆಯ ದಿನವೂ ಬರಲಿಲ್ಲ.

ಆರನೆಯ ದಿನ ಅವಳ ಅಣ್ಣ ಬಂದಿದ್ದ. ಅಂಗಳದಲ್ಲಿ ನಿಂತು ಬಲೆಯನ್ನು ನೋಡಿದ, ಅವಳ ಕೈಯನ್ನು ನೋಡಿದ. ಒಳ್ಳೆಯವನೇ. ಒಳ್ಳೆಯವರಿಗೆ ಇಲ್ಲ ಎನ್ನುವುದೇ ಕಷ್ಟ.

"ಯಾಕಿಷ್ಟು ಒದ್ದಾಡ್ತೀಯವ್ವ? ಸರದಿ ದಿನ ನಾನೂ ಬತ್ತೀನಿ. ಆದ್ರೆ ಆಯ್ತು, ಇಲ್ದಿದ್ರೆ ಹಂಗೇ ಹೊರಟುಬಿಡಾನ. ಪಾತ್ರೆ ಪಗಡಿ ಕಟ್ಟಿಡು."

ಅವನು ಹೋದ ಮೇಲೆ ಅವಳು ಪಾತ್ರೆ ಕಟ್ಟಿದಳು. ಕಟ್ಟುವಾಗ ಅಳು ಬರಲಿಲ್ಲ. ಕಟ್ಟಿದ ಗಂಟಿಗೆ ಒರಗಿ ಕೂತಾಗ ಒಂದು ಗಳಿಗೆ ಹಾಯೆನಿಸಿತು. ಇನ್ನು ಏನೂ ಮಾಡಬೇಕಾಗಿಲ್ಲವಲ್ಲ ಎಂಬ ನಿರಾಳ ಅದು. ಆ ನಿರಾಳಕ್ಕೆ ಅವಳು ಹೆದರಿಬಿಟ್ಟಳು.

ಎದ್ದು ಹುಣಸೆಮರದ ಕೆಳಗೆ ಹೋದಳು. ಹಿಮ್ಮಡಿ ಊರಿಯೇ ಎಸೆಯುತ್ತೇನೆ, ಆಗುತ್ತೋ ಇಲ್ಲವೋ ನೋಡೇಬಿಡೋಣ ಎಂದುಕೊಂಡಳು. ಕುಣಿಕೆ ಹಾಕಿಕೊಂಡಳು, ಅಂಚು ಕಚ್ಚಿದಳು, ಎಡಗಾಲನ್ನು ನೆಲಕ್ಕೆ ಒತ್ತಿ ನಿಂತಳು. ಸೊಂಟ ತಿರುಗಿತು. ಕಾಲು ತಾನಾಗಿಯೇ ಕುಪ್ಪಳಿಸಿತು.

ಮತ್ತೆ ಎಸೆದಳು. ಮತ್ತೆ ಕುಪ್ಪಳಿಸಿತು.

ಅವಳು ಬೇಡವೆಂದರೂ ಅದು ಬಿಡುತ್ತಿರಲಿಲ್ಲ. ಐನೂರು ಸಲ ಕರೆದು ಕೂರಿಸಿದ್ದಲ್ಲವೇ. ಬಲೆಯನ್ನು ಅಲ್ಲೇ ಎಸೆದು, ಮರದ ಬುಡದಲ್ಲಿ ಕೂತು ಅತ್ತಳು. ಗಂಡ ಸತ್ತ ದಿನ ಹತ್ತು ಜನರ ನಡುವೆ ಅತ್ತಿದ್ದಳು. ಒಬ್ಬಳೇ ಅತ್ತದ್ದು ಇದೇ ಮೊದಲು. ಗಂಡ ಹೋದದ್ದಕ್ಕೆ ಅತ್ತಳು, ಹೋದವನು ಪೂರ್ತಿ ಹೋಗದೆ ಹೀಗೆ ಕಾಲು ಹಿಡಿದು ಕೂತದ್ದಕ್ಕೂ ಅತ್ತಳು, ಬೆಳಗಾದರೆ ಮತ್ತೆ ಏಳಬೇಕಲ್ಲ ಎಂಬುದಕ್ಕೂ ಅತ್ತಳು.

ಎಂಟನೆಯ ದಿನ ಮಂಟಪಕ್ಕೆ ಬಂದು ನಿಂತಳು.

"ಬಂದ್ಯಾ" ಎಂದ ಮುದುಕ.

"ಕಾಲು ಕೇಳ್ತಾ ಇಲ್ಲ ತಾತ."

"ಅದಕ್ಕೇನು ಗೊತ್ತು ಪಾಪ. ನೀನು ಕಲ್ಸಿದ್ದನ್ನ ಅದು ಮಾಡ್ತದೆ."

"ಇನ್ನು ಮೂರೇ ದಿನ."

"ಬಲೆ ಹೆಗಲ ಮೇಲೆ ಹಾಕ್ಕೊ. ಎರಡೂ ಹಿಮ್ಮಡಿ ಊರಿ ನಿಂತ್ಕೊ. ಎಸೀಬೇಡ."

"ಎಷ್ಟು ಹೊತ್ತು?"

"ನಾನು ಈ ಬಲೆ ಹೆಣೆದು ಮುಗಿಸೋಗಂಟ."

ಮುದುಕನ ಕೈಯಲ್ಲಿದ್ದದ್ದು ಒಂದು ಮಾರುದ್ದ ಹರಿದ ಬಲೆ. ಅವನು ತಡವುವನು, ಗಂಟು ಹಾಕುವನು, ಮತ್ತೆ ತಡವುವನು. ಬಿಸಿಲೇರಿತು. ಒದ್ದೆ ಬಲೆ ಹೆಗಲ ಮೇಲೆ ಒಣಗಿತು. ನಿಂಗಾಜಮ್ಮನ ಸೊಂಟ ಸೋತಿತು. ಎಡ ಹಿಮ್ಮಡಿ ಮೇಲೇಳಲು ನೋಡಿತು. ಮುದುಕ ತಲೆ ಎತ್ತದೆಯೇ, "ಎದ್ದಿತು" ಎನ್ನುವನು. ಅವಳು ಊರುವಳು. ಅವನಿಗೆ ಹೇಗೆ ಗೊತ್ತಾಗುತ್ತಿತ್ತೋ, ಗುಂಡುಗಳು ಒಂದಕ್ಕೊಂದು ತಾಗುವ ಸದ್ದಿರಬೇಕು.

ನಡುವೆ ಒಮ್ಮೆ ಅವಳು ಕೇಳಿದಳು:

"ನೀವು ಅವರಿಗೆ ಯಾಕೆ ಸರಿ ಮಾಡಿಕೊಡ್ಲಿಲ್ಲ?"

"ಕುಯ್ದ ನರಾನ ನಾನು ಹೆಣೀಲಾ? ಬಲೆ ಹೆಣೆಯೋನು ನಾನು."

ಮುದುಕ ಇನ್ನೊಂದು ಗಂಟು ಹಾಕಿ ಬಿಗಿದ.

"ಊರಕ್ಕೆ ಆಗೋ ಕಾಲು ನಿಂದು" ಎಂದ ಮುದುಕ. "ಊರು."

ಸಂಜೆಯ ಹೊತ್ತಿಗೆ ಬಲೆ ಮುಗಿಯಿತು. "ಈಗ ಮೂರು ಸಲ ಎಸಿ" ಎಂದ. ಮೊದಲ ಎರಡರಲ್ಲಿ ಕಾಲು ಕುಪ್ಪಳಿಸಿತು. ಮೂರನೆಯದರಲ್ಲಿ ಹಿಮ್ಮಡಿ ನೆಲದಲ್ಲಿತ್ತು, ಆದರೆ ಬಲೆ ಎಲ್ಲೋ ಹೋಗಿ ಬಿತ್ತು. ಅವಳ ಮುಖ ಸಪ್ಪಗಾಯಿತು. ಮುದುಕನ ಮುಖ ಹಾಗಾಗಲಿಲ್ಲ.

"ಇನ್ನೊಂದು ಎಸೀಲಾ?"

"ಬೇಡ. ಇದನ್ನೇ ಇಟ್ಕೊಂಡು ಮಲಗು."

ಒಂಬತ್ತನೆಯ ದಿನವೂ ಬೆಳಗಿನಿಂದ ನಿಲ್ಲಿಸಿದ. ಅವತ್ತೂ ಮೂರೇ. ಮೂರರಲ್ಲಿ ಎರಡು ಅರ್ಧ ಅರಳಿದವು. ನಿಂಗಾಜಮ್ಮ ತಾನಾಗಿಯೇ ಬಲೆ ಕೆಳಗಿಟ್ಟಳು, ನಾಲ್ಕನೆಯದನ್ನು ಕೇಳಲಿಲ್ಲ.

"ನಾಳೆ ಬರಬೇಡ" ಎಂದ ಮುದುಕ.

"ನಾಡಿದ್ದೇ ಸರದಿ ತಾತ."

"ಅದಕ್ಕೇ. ನಾಳೆ ಬಲೆ ಮುಟ್ಟಬೇಡ. ಅನ್ನ ಮಾಡ್ಕಂಡು ಉಣ್ಣು. ಬಿಸಿನೀರು ಹುಯ್ಕೊ. ಮಲಗು."

ಈ ಸಲ ಅವಳು ಮಾತು ಕೇಳಿದಳು. ಕಟ್ಟಿಟ್ಟ ಗಂಟನ್ನು ಬಿಚ್ಚಿ ಒಂದು ಪಾತ್ರೆ ತೆಗೆದಳು. ಅನ್ನ ಮಾಡಿದಳು, ಉಪ್ಪುಸಾರು ಕಾಸಿದಳು, ತಟ್ಟೆ ಹಾಕಿಕೊಂಡು ಕೂತು ಉಂಡಳು. ಎಷ್ಟೋ ದಿನದ ಮೇಲೆ ಕೂತು ಉಂಡದ್ದು. ಮಧ್ಯಾಹ್ನ ಚಾಪೆ ಹಾಸಿಕೊಂಡು ಒರಗಿದವಳಿಗೆ ಎಚ್ಚರವಾದದ್ದು ಕೋಳಿ ಕೂಗಿದಾಗ.

ಸರದಿಯ ದಿನ ಮಡುವಿನ ದಂಡೆಯಲ್ಲಿ ಹತ್ತು ಮನೆಯವರೂ ಸೇರಿದ್ದರು. ಎರಡನೆಯ ಸಲ ಅಷ್ಟು ಜನ ಬಂದಿರಲಿಲ್ಲ. ಒಂದು ಮನೆಯ ದಿನ ಹೋಗುವುದಿದ್ದರೆ ಎಲ್ಲರಿಗೂ ಒಂದಿಷ್ಟು ಸಿಗುತ್ತದೆ. ಹಾಗೆಂದು ಯಾರೂ ಆಸೆಪಟ್ಟು ಬಂದಿದ್ದರು ಎನ್ನುವಂತಿಲ್ಲ, ಬಂದಿದ್ದರು ಅಷ್ಟೆ. ಅವಳ ಅಣ್ಣ ಒಂದು ಪಕ್ಕದಲ್ಲಿ ಬೀಡಿ ಸೇದುತ್ತ ನಿಂತಿದ್ದ. ಹಿಂದೆ ಅವನು ತಂದ ಗಾಡಿ ಇತ್ತು.

ಮಡುವಿನ ಯಜಮಾನ ಪುಟ್ಟಮಾದಯ್ಯ ಮೂಡಲ ಕಡೆ ನೋಡಿ, "ಹುಟ್ಟುದ ಕಣವ್ವ" ಎಂದ. "ಇಳಿ."

ನಿಂಗಾಜಮ್ಮ ಮೊಣಕಾಲು ನೀರಿಗೆ ಇಳಿದಳು. ಕುಣಿಕೆ ಹಾಕಿಕೊಂಡಳು. ಅಂಚನ್ನು ಹಲ್ಲಲ್ಲಿ ಕಚ್ಚಿದಳು. ಸವೆದ ದಾರ ನಾಲಗೆಗೆ ತಾಗಿತು. ಕಾಲ ಕೆಳಗೆ ಮರಳು ತಣ್ಣಗಿತ್ತು, ಸ್ವಲ್ಪ ಜಾರುತ್ತಿತ್ತು. ಎಡ ಹಿಮ್ಮಡಿಯನ್ನು ಒತ್ತಿದಳು. ಅದು ಮರಳೊಳಗೆ ಇಳಿದು ನಿಂತಿತು.

ಆ ನಿಂತ ಗಳಿಗೆಯಲ್ಲಿ ಅವಳಿಗೆ ಒಂದು ಅನ್ನಿಸಿತು. ಈಗ ಕುಪ್ಪಳಿಸಿದರೆ ಅವನು ಇನ್ನೊಂದು ಸಲ ಬರುತ್ತಾನೆ. ಬಲೆ ಮುದ್ದೆಯಾಗುತ್ತದೆ, ಮನೆ ಹೋಗುತ್ತದೆ, ಆದರೂ ಅವನು ಬಂದಿರುತ್ತಾನೆ.

ಹಿಮ್ಮಡಿ ಏಳಲಿಲ್ಲ. ಅವಳು ಏಳಿಸಲಿಲ್ಲ.

ಸೊಂಟ ತಿರುಗಿತು. ಕೈ ಬಿಟ್ಟಿತು. ಬಲೆ ಮಡುವಿನ ಮೇಲೆ ಸುತ್ತ ಬಿಚ್ಚಿಕೊಂಡು, ಒಂದು ಗಳಿಗೆ ಹಾಗೇ ಗುಂಡಗೆ ನಿಂತು, ಬಿತ್ತು.

ಒಂದೇ ಸದ್ದು ಬಂತು.

ಪುಟ್ಟಮಾದಯ್ಯ ಹೆಗಲ ಮೇಲಿನ ಟವಲು ತೆಗೆದು ಕೊಡವಿದ.

"ಬಲೆ ಬಿತ್ತು. ಈ ದಿನ ಚಿಕ್ಕಬೋರನ ಮನೇದೇ" ಎಂದ. ಆಮೇಲೆ ಸ್ವಲ್ಪ ಯೋಚನೆ ಮಾಡಿ, "ನಿಂಗಾಜಮ್ಮನ ಮನೇದು" ಎಂದು ತಿದ್ದಿಕೊಂಡ.

ಅಣ್ಣ ಬೀಡಿ ಆರಿಸಿ, ಒಂದು ಸಲ ತಲೆ ಆಡಿಸಿ, ಗಾಡಿ ಹತ್ತಿದ. ಬಲೆ ಎಳೆದಾಗ ಅದರೊಳಗೆ ನಾಲ್ಕು ಗೆಂಡೆಮೀನು ಇದ್ದವು. ಅವಳು ಎರಡನ್ನು ಅಣ್ಣನ ಗಾಡಿಗೆ ಹಾಕಿದಳು, ಉಳಿದ ಎರಡನ್ನು ಸೆರಗಿಗೆ ಹಾಕಿಕೊಂಡು ಮಂಟಪಕ್ಕೆ ನಡೆದಳು.

ಚೆನ್ನಂಜಯ್ಯ ಹೊಳೆಗೆ ಬೆನ್ನು ಮಾಡಿ ಕೂತಿದ್ದ. ಕೈಯಲ್ಲಿ ಬಲೆ ಇತ್ತು, ಹೆಣೆಯುತ್ತಿರಲಿಲ್ಲ.

ಮೀನನ್ನು ಅವನ ಮುಂದಿಟ್ಟು, ಮೆಟ್ಟಿಲ ಮೇಲೆ ಕುಸಿದು ಕೂತಳು. ಗೆದ್ದು ಬಂದವಳ ಹಾಗೆ ಕಾಣುತ್ತಿರಲಿಲ್ಲ. ದೂರದ ಊರಿಂದ ನಡೆದು ಬಂದವಳ ಹಾಗಿದ್ದಳು.

"ಕೇಳುಸ್ತಾ ತಾತ?"

"ಕೇಳುಸ್ತು."

"ಎಲ್ಲಾರೂ ಚೆನ್ನಾಗಿ ಬಿತ್ತು ಅಂದ್ರು."

"ಹೂಂ."

ಅವಳು ಸ್ವಲ್ಪ ಹೊತ್ತು ತನ್ನ ಎಡಗಾಲನ್ನೇ ನೋಡುತ್ತ ಕೂತಳು. ಹಿಮ್ಮಡಿಗೆ ಮರಳು ಮೆತ್ತಿತ್ತು.

"ಅವರ ಬಲೆ ಥರ ಬೀಳ್ಲಿಲ್ಲ ತಾತ" ಎಂದಳು. "ಒಂದು ಚೂರೂ ಅವರಿರ್ಲಿಲ್ಲ ಅದ್ರೊಳಗೆ."

ಮುದುಕ ಬಲೆಯನ್ನು ಕೆಳಗಿಟ್ಟ. ಅವಳ ತಲೆ ಎಲ್ಲಿದೆ ಎಂದು ಕೈಯಿಂದ ಹುಡುಕಿ, ಅದರ ಮೇಲೆ ಅಂಗೈ ಇಟ್ಟ.

"ಹಿಂಗೆ ಒಂದೇ ಸದ್ದಾಗಿ ಬೀಳ್ಲಿ ಅಂತಾನೇ ಕಣವ್ವ, ಅವನು ಸಾಯೋಗಂಟ ಎಸೀತಿದ್ದದ್ದು."